ಅವ್ವನಿಗೆ ಬಂದ ಪ್ರಶಸ್ತಿ

ಬಡವನಹಳ್ಳಿ
೨೫ ನವೆಂಬರ್ ೨೦೨೪

ರಾಮಾಂಜನೇಯ ಅವರಿಗೆ,

ಮೊದಲು ‘ರೀ’ ಎಂದು ಬರೆದಿದ್ದೆ. ಮನಸ್ಸು ಒಪ್ಪಲಿಲ್ಲ, ಹಾಳೆ ಬದಲಾಯಿಸಿದೆ. ಇವತ್ತು ನಿಮ್ಮ ಹೆಂಡತಿಯಾಗಿ ಬರೆಯುವುದಕ್ಕಿಂತ ಮಿಡಿಗೇಶಿ ಹೊನ್ನಕ್ಕನ ಮಗಳಾಗಿ ಬರೆಯುವುದೇ ನನಗೆ ಸುಲಭ. ಫೋನಿನಲ್ಲಾದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀವು ನಾಲ್ಕು ಆಡಿ, ಕೊನೆಗೆ ತಪ್ಪೆಲ್ಲ ನನ್ನದೇ ಅನ್ನಿಸುವ ಹಾಗೆ ಮಾಡಿಬಿಡುತ್ತೀರಿ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ನಿನ್ನೆಯ ಪುರವಣಿಯಲ್ಲಿ ನಿಮ್ಮ ಸಂದರ್ಶನ ಓದಿದೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಇವತ್ತೆಲ್ಲ ಅದರದೇ ಮಾತು. ಸಿನಿಮಾ ಪ್ರಶಸ್ತಿಗಳಿಗೂ ಸಾಮಾನ್ಯ ಪ್ರೇಕ್ಷಕರ ಅಭಿರುಚಿಗೂ ಸಂಬಂಧ ಇದೆಯೇ ಎಂದು ಅವರು ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರವನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಪ್ರಶಸ್ತಿ ಬಂದ ಚಿತ್ರವನ್ನು ಅದನ್ನು ತೆಗೆದ ಊರಿನವರಿಗೇ ತೋರಿಸಿದಿರಂತೆ, ಅವರು ಅರ್ಧಕ್ಕೇ ಎದ್ದು ಹೋದರಂತೆ. ಹಾಡು, ಹೊಡೆದಾಟ ಇಲ್ಲದಿದ್ದರೆ ನಮ್ಮ ಜನಕ್ಕೆ ಆಗುವುದಿಲ್ಲವಂತೆ. ಅವರ ಅಭಿರುಚಿಯನ್ನು ಬೆಳೆಸಬೇಕಂತೆ.

ಯಾರ ಅಭಿರುಚಿಯನ್ನು ಬೆಳೆಸುತ್ತೀರಿ? ಕಳ್ಳೆಕಾಯಿ ಕೀಳುವ ಕೆಲಸ ಬಿಟ್ಟು, ಮದುವೆಗೆ ಉಡುವ ಸೀರೆ ಉಟ್ಟು, ಬಸ್ಸಿನಲ್ಲಿ ನಿಂತುಕೊಂಡೇ ಮಧುಗಿರಿಯ ಟಾಕೀಸಿಗೆ ಬಂದ ಹೆಂಗಸರದೇ? ಹೊನ್ನಕ್ಕ ಪರದೆ ಮೇಲೆ ಬರುತ್ತಾಳೆ ಎಂದು ಒಂದು ಮನೆಯವರು ಇನ್ನೊಂದು ಮನೆಯವರನ್ನು ಎಬ್ಬಿಸಿಕೊಂಡು ಬಂದಿದ್ದರು. ನೀವು ಶಾಲು ಹೊದಿಸಿಕೊಂಡು, ಮೈಕಿನಲ್ಲಿ ಮಾತಾಡಿ, ದೀಪ ಆರುವ ಮೊದಲೇ ಅಧಿಕಾರಿಗಳ ಜೊತೆ ಪ್ರವಾಸಿ ಮಂದಿರಕ್ಕೆ ಊಟಕ್ಕೆ ಹೋದಿರಿ. ಒಳಗೆ ಏನು ನಡೆಯಿತೆಂದು ನಿಮಗೆ ಗೊತ್ತಿಲ್ಲ. ನೀವು ಹಿಂತಿರುಗಿದಾಗ ಜನ ಮೆಟ್ಟಿಲಿಳಿಯುತ್ತಿದ್ದರು. ನೀವು ಕಂಡದ್ದು ಅಷ್ಟೇ.

ಬೈಲಪ್ಪಣ್ಣ ಗೊರಕೆ ಹೊಡೆದದ್ದು ನಿಜ. ಒಂದು ಎಮ್ಮೆ ಮೆಲುಕು ಹಾಕುವುದನ್ನೇ ಅಷ್ಟು ಹೊತ್ತು ತೋರಿಸಿದರೆ ಯಾರಿಗಾದರೂ ಕಣ್ಣು ಎಳೆಯುತ್ತದೆ. ಆದರೂ ಅವನು ಎದ್ದು ಹೋಗಲಿಲ್ಲ. ಆಗ ಯಾರೂ ಹೋಗಲಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಅವ್ವ ತೂಕದ ವಿಷಯಕ್ಕೆ ಜಗಳ ತೆಗೆಯುವ ದೃಶ್ಯ ಬಂತಲ್ಲ, ಟಾಕೀಸು ಕಿತ್ತುಹೋಗುವ ಹಾಗೆ ಶಿಳ್ಳೆ ಹೊಡೆದರು. ಪಕ್ಕದ ಮನೆಯ ಪಾಲಪ್ಪಣ್ಣ ಕುರ್ಚಿಯ ಮೇಲೆ ನಿಂತು, "ಬುಡಬ್ಯಾಡ ಕಣಕ್ಕೋ, ಇನ್ನೊಸಿ ಆಕು!" ಎಂದು ಕೂಗಿದ. ಅವ್ವ ನಾಚಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಆ ದೃಶ್ಯಕ್ಕೆ ಅವಳು ಎಷ್ಟು ದುಡಿದಿದ್ದಳು, ನಿಮಗೆ ನೆನಪಿರಬೇಕು. ಕೊಟ್ಟಿಗೆಯಲ್ಲಿ ನಿಂತು ದನಗಳ ಎದುರಿಗೆ ಬೈಗುಳ ಹೇಳಿ ಹೇಳಿ ಕಲಿತಿದ್ದಳು. ತನಗೆ ಪ್ರಶಸ್ತಿ ಬಂದದ್ದು ಅದಕ್ಕೇ ಎಂದು ಅವಳು ನಂಬಿದ್ದಳು. ಬೆಂಗಳೂರಿನ ವೇದಿಕೆಯಲ್ಲಿ ‘ಸಹಜ ಅಭಿನಯಕ್ಕಾಗಿ’ ಎಂದಷ್ಟೇ ಓದಿದ್ದರು. ಚಿತ್ರ ತೋರಿಸಿ ಎಂದು ನಾನು ಕೇಳಿದಾಗಲೆಲ್ಲ, ಫೋನಿನಲ್ಲಿ ನೋಡುವಂಥದ್ದಲ್ಲ, ದೊಡ್ಡ ಪರದೆಯಲ್ಲೇ ನೋಡಬೇಕು ಎಂದಿರಿ. ಯಾಕೆಂದು ಈಗ ಗೊತ್ತಾಯಿತು.

ನಿಮ್ಮ ಕಥೆಯಲ್ಲಿ ಆ ಮುದುಕಿಯ ಮಗ ಸಾಯುತ್ತಾನೆ. ಅಳುವ ದೃಶ್ಯವನ್ನು ಮೊದಲು ತೆಗೆಯಲು ಹೋದಾಗ ಅವ್ವನಿಗೆ ಅಳುವೇ ಬಂದಿರಲಿಲ್ಲ. "ನನ್ ಮಗ ಅಲ್ಲೇ ನಿಂತವ್ನೆ, ಹೆಂಗಪ್ಪ ಅಳಾನ?" ಎಂದು ನಕ್ಕುಬಿಟ್ಟಿದ್ದಳು. ಇರಲಿ, ಆಮೇಲೆ ಮಾಡೋಣ ಎಂದಿರಿ. ಆಮೇಲೆ ನನ್ನ ತಮ್ಮ ಓಬಳರಾಜು ಬೈಕಿನಲ್ಲಿ ಹೋದವನು ಪಾವಗಡ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಶೂಟಿಂಗ್ ನಿಂತಿತು. ಅವನ ತಿಥಿ ಕಳೆದು ಮತ್ತೆ ಶುರುವಾದಾಗ, ಅತ್ತೆಯಿಂದ ಆ ಅಳುವ ದೃಶ್ಯ ಮಾಡಿಸುವುದು ಬೇಡ ಎಂದು ನೀವೇ ನನಗೆ ಹೇಳಿದಿರಿ. ನಿಮಗೆ ಕನಿಕರ ಬಂದಿದೆ ಎಂದುಕೊಂಡೆ. ನನ್ನ ಗಂಡ ಎಂಥ ದೊಡ್ಡ ಮನಸ್ಸಿನವರು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ನಿಮಗೆ ಅದು ಬೇಕಾಗಿರಲಿಲ್ಲ. ಆಗಲೇ ಸಿಕ್ಕಿತ್ತು.

ಪರದೆಯ ಮೇಲೆ ನಮ್ಮ ಮನೆಯ ಅಂಗಳ ಬಂತು. ಮೇಲಿನಿಂದ, ಪಾಲಪ್ಪಣ್ಣನ ಮನೆಯ ತಾರಸಿಯಿಂದ ತೆಗೆದದ್ದು. ಅವ್ವ ಹೆಣದ ಕಾಲು ಹಿಡಿದುಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದಾಳೆ. ಸೆರಗು ಜಾರಿದೆ, ಅವಳಿಗೆ ಅರಿವಿಲ್ಲ. ನಾನು ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದೇನೆ, ನನ್ನ ಮುಖ ಕಾಣುವುದಿಲ್ಲ. ಬಟ್ಟೆ ಮುಚ್ಚಿದ ಆ ಹೆಣ ಯಾವ ನಟನದೂ ಅಲ್ಲ. ಅವ್ವನ ಬಾಯಿಂದ ಬರುತ್ತಿದ್ದ ‘ರಾಜಾ, ರಾಜಾ’ ಎನ್ನುವ ಕೂಗಿನ ಮೇಲೆ ನೀವು ಕೊಳಲು ಹಾಕಿದ್ದೀರಿ.

ಮೊದಲು ಮಾತಾಡಿದವನು ಪಾಲಪ್ಪಣ್ಣ. "ಲೇ, ಇದು ಆಕ್ಟಿಂಗ್ ಅಲ್ಲ ಕಣ್ಲಾ. ಇದು ನಮ್ ರಾಜು ಮಣ್ಣಿನ ದಿನ ಕಣ್ಲಾ. ನಮ್ ತಾರ್ಸಿ ಮ್ಯಾಲಿಂದ ತಗದವ್ರೆ!" ಎಂದ. ಹೆಂಗಸರು ಮುಖ ತಿರುಗಿಸಿಕೊಂಡರು. ಒಬ್ಬೊಬ್ಬರಾಗಿ ಏಳತೊಡಗಿದರು. ಅವ್ವನ ಜಾರಿದ ಸೆರಗನ್ನು ಅಷ್ಟು ದೊಡ್ಡದಾಗಿ ನೋಡಿಕೊಂಡು ಕೂರಲು ಅವರಿಂದ ಆಗಲಿಲ್ಲ. ನೀವು ಪತ್ರಿಕೆಗೆ ಹೇಳಿಕೊಂಡ ‘ಎದ್ದು ಹೋದರು’ ಎಂದರೆ ಇದು. ಹಾಡಿಲ್ಲವೆಂದು ಯಾರೂ ಏಳಲಿಲ್ಲ. ಮರ್ಯಾದೆ ಇದ್ದದ್ದರಿಂದ ಎದ್ದರು.

ಅವ್ವ ಮಾತ್ರ ಕೂತೇ ಇದ್ದಳು. ನಾನು ಕೈ ಹಿಡಿದು ಎಬ್ಬಿಸಲು ಹೋದೆ. ಅವಳು ನನ್ನನ್ನು ನೋಡಿ, "ಜೋತಿ, ಇದುಕ್ಕೇನಮ್ಮಿ ನಂಗೆ ಕೊಟ್ಟಿದ್ದು?" ಎಂದು ಕೇಳಿದಳು.

ನಾನು ಅವಳ ಹೆಗಲ ಮೇಲಿನ ಸೆರಗು ಸರಿಮಾಡಿದೆ. ಅವಳು ಮತ್ತೆ ಕೇಳಲಿಲ್ಲ. "ಬುಡವ್ವ, ಮನೆಗೋಗಾನ" ಎಂದು ಎದ್ದಳು. ಬಾಗಿಲ ಹತ್ತಿರ ನೀವು ಕೈ ಮುಗಿದು ನಗುತ್ತಾ ನಿಂತಿದ್ದಿರಿ. ಅವಳು ನಿಮ್ಮನ್ನು ದಾಟಿ ಹೋದಳು. ಅತ್ತೆಗೆ ತಲೆನೋವಾ ಎಂದು ನನ್ನನ್ನು ಕೇಳಿದಿರಿ.

ತೀರ್ಪುಗಾರರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರಿಗೆ ಓಬಳರಾಜು ಯಾರೆಂದು ಗೊತ್ತಿಲ್ಲ. ಆದರೆ ನ್ಯಾಯಬೆಲೆ ಅಂಗಡಿಯ ದೃಶ್ಯ ಸ್ವಲ್ಪ ‘ಜನಪ್ರಿಯ ಧಾಟಿ’ಯದ್ದಾಯಿತು ಎಂದು ಅವರಲ್ಲೊಬ್ಬರು ಹೇಳಿದರೆಂದೂ, ಮುಂದಿನ ಚಿತ್ರೋತ್ಸವಕ್ಕೆ ಅದನ್ನು ಕತ್ತರಿಸುತ್ತಿದ್ದೀರೆಂದೂ ಅದೇ ಸಂದರ್ಶನದಲ್ಲಿ ಹೇಳಿದ್ದೀರಿ. ಅವ್ವ ನಿಜವಾಗಿ ನಟಿಸಿದ್ದು ಅದೊಂದನ್ನೇ. ನೋಡಿದವರೆಲ್ಲ ಮೆಚ್ಚಿದ್ದೂ ಅದನ್ನೇ. ಅದನ್ನು ತೆಗೆದು, ಅವಳಿಂದ ಕದ್ದದ್ದನ್ನು ಊರೂರಿಗೆ ತೋರಿಸುತ್ತೀರಾ? ಆಮೇಲೆ ಅಭಿರುಚಿ ಇಲ್ಲದವರು ನಾವಾ?

ಈ ಕಾಗದದ ಜೊತೆಗಿರುವ ಪೊಟ್ಟಣದಲ್ಲಿ ಅವ್ವನ ಪ್ರಶಸ್ತಿ ಫಲಕ ಇದೆ. ಚಿತ್ರ ನೋಡಿದ ಮಾರನೆಯ ದಿನ ಅವಳೇ ಗೋಡೆಯಿಂದ ಇಳಿಸಿ, ಒರೆಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. "ರೇಷನ್ ಅಂಗಡಿ ಜಗಳಕ್ಕೆ ಕೊಟ್ಟಿದ್ರೆ ಮಡಿಕ್ಕಂತಿದ್ದೆ ಕಣಮ್ಮ. ಇದು ನಂಗೆ ಬ್ಯಾಡ" ಎಂದಳು. ನನಗೆ ಅತ್ತುಬಿಡಬೇಕು ಅನ್ನಿಸಿತು. ಅವಳ ಎದುರಿಗೆ ಅಳಲು ಧೈರ್ಯ ಬರಲಿಲ್ಲ.

ಆ ಅಂಗಳದ ದೃಶ್ಯವನ್ನು ಚಿತ್ರದಿಂದ ತೆಗೆಯಿರಿ. ಮುಂದಿನ ಪ್ರದರ್ಶನಕ್ಕೆ ಮೊದಲೇ ತೆಗೆಯಿರಿ. ನಿಮ್ಮ ಕ್ಯಾಮೆರಾದ ಕಿರಣ್ ಕುಮಾರ್ ಜೊತೆ ಮಾತಾಡಿದ್ದೇನೆ. ತಾನು ಬೇಡವೆಂದರೂ ನೀವೇ ತಾರಸಿ ಹತ್ತಿಸಿದಿರಿ ಎಂದು ಬರೆದುಕೊಡಲು ಅವರು ಸಿದ್ಧರಿದ್ದಾರೆ. ನೀವು ತೆಗೆಯದಿದ್ದರೆ ಪ್ರಶಸ್ತಿ ಕೊಟ್ಟವರಿಗೂ, ನಿಮ್ಮ ಸಂದರ್ಶನ ಹಾಕಿದ ಪತ್ರಿಕೆಗೂ ನಾನೇ ಬರೆಯುತ್ತೇನೆ. ಕನ್ನಡ ಮೇಡಂ ಅಲ್ಲವೇ, ಬರೆಯಲು ಬರುತ್ತದೆ.

ಇಲ್ಲಿಯ ಬಾಡಿಗೆ ಮನೆಯ ಬೀಗದ ಕೈ ನನ್ನ ಹತ್ತಿರವೇ ಇದೆ. ನೀವು ಬಂದು ಬಾಗಿಲು ತಟ್ಟಬೇಡಿ. ಬರುವುದಾದರೆ ಮೊದಲು ಮಿಡಿಗೇಶಿಗೆ ಹೋಗಿ ಅವ್ವನ ಮುಂದೆ ಕೂತು, ತಾರಸಿಗೆ ಯಾರನ್ನು ಯಾಕೆ ಹತ್ತಿಸಿದಿರಿ ಎಂದು ನಿಮ್ಮ ಬಾಯಿಂದಲೇ ಹೇಳಿ. ಅವಳು ಒಳಗೆ ಕರೆದರೆ ಆಮೇಲೆ ನನ್ನ ಮಾತು.

ಇಂತಿ,
ಹೊನ್ನಕ್ಕನ ಮಗಳು, ಓಬಳರಾಜುವಿನ ಅಕ್ಕ
ಜ್ಯೋತಿಲಕ್ಷ್ಮಿ

ಮತ್ತೆ ಬರೆದದ್ದು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಅವ್ವ ಬಿಡುತ್ತಿಲ್ಲ. ಚಿತ್ರದ ಶುರುವಿನಲ್ಲಿ ಒಂದು ಟ್ರ್ಯಾಕ್ಟರು ಕೆರೆ ಏರಿಯ ಮೇಲೆ ಹೋಗುತ್ತದಂತೆ, ಹಿಂದೆ ಕೂತ ಹುಡುಗ ತಿರುಗಿ ನೋಡಿ ನಗುತ್ತಾನಂತೆ. ಅದು ರಾಜು. ನಾನು ಗಮನಿಸಿಯೇ ಇರಲಿಲ್ಲ, ಅವಳು ಗಮನಿಸಿದ್ದಾಳೆ. ಅವನ ಫೋನು ಲಾರಿಯ ಕೆಳಗೆ ಪುಡಿಯಾದ ಮೇಲೆ, ಅವನು ಓಡಾಡುವುದು, ನಗುವುದು ನಮ್ಮ ಹತ್ತಿರ ಎಲ್ಲೂ ಉಳಿದಿಲ್ಲ. "ಅಳಿಯಂದ್ರುನ್ನ ಅಷ್ಟು ಮಾತ್ರ ಕೇಳಮ್ಮಿ" ಎಂದು ದಿನಾ ಫೋನು ಮಾಡಿ ಹೇಳುತ್ತಾಳೆ. ನಿಮ್ಮನ್ನು ಏನೂ ಕೇಳುವುದಿಲ್ಲ ಎಂದು ಅವಳ ಮೇಲೆ ರೇಗಿದ್ದೆ. ಕೇಳುತ್ತಿದ್ದೇನೆ. ಅದೊಂದು ತುಣುಕನ್ನು ನನ್ನ ಫೋನಿಗೆ ಕಳಿಸಿ. ಕೊಳಲು ಹಾಕಬೇಡಿ.