ನಿಜ ಹೇಳಿದ ಮನೆಗೆ ಬೀಡಿ ಎಲೆ ಇಲ್ಲ

ಮೂರು ತಾಲೂಕುಗಳ ಗೃಹ ಕಾರ್ಮಿಕರ ಮಾಹಿತಿ ಕೋಶದ ಮಾನ್ಯ ಅಧಿಕಾರಿಗಳೇ,

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸರಿಗೆ ನೀವು ಕೊಟ್ಟ ಮಾತು ಮೂರು. ಕಟ್ಟುವ ಪ್ರತಿಯೊಬ್ಬಳಿಗೂ ಅವಳದೇ ಹೆಸರಿನ ಗುರುತಿನ ಚೀಟಿ ಕೊಡುತ್ತೇವೆ ಎಂದಿರಿ. ಹೇಳಿದ ಹೆಸರು ಕಚೇರಿಯ ಕಪಾಟು ಬಿಟ್ಟು ಹೊರಗೆ ಹೋಗುವುದಿಲ್ಲ ಎಂದಿರಿ. ಒಟ್ಟು ಎಷ್ಟು ಮಂದಿ ಎಂಬುದನ್ನು ಒಂದು ತಿಂಗಳೊಳಗೆ ಪ್ರಕಟಿಸುತ್ತೇವೆ ಎಂದಿರಿ. ಚೀಟಿ ಬರಲಿಲ್ಲ. ಸಂಖ್ಯೆ ಬರಲಿಲ್ಲ. ಹೆಸರು ಮಾತ್ರ ಹೊರಗೆ ಹೋಯಿತು. ಅದೂ ಎಲ್ಲಿಗೆ? ಆ ಹೆಂಗಸರಿಗೆ ಎಲೆ, ಹೊಗೆಸೊಪ್ಪು ತೂಗಿ ಕೊಡುವ ಬೀಡಿ ಬ್ರಾಂಚಿನ ಮೇಜಿಗೆ!

ನಾನು ಪಾಣೆಮಂಗಳೂರಿನವಳು. ಇಪ್ಪತ್ತಾರು ವರ್ಷದಿಂದ ಬೀಡಿ ಕಟ್ಟುತ್ತಿದ್ದೇನೆ, ಹದಿನೆಂಟು ವರ್ಷದಿಂದ ಸಂಘದಲ್ಲಿದ್ದೇನೆ. ಕಚೇರಿಯ ಮಾತನ್ನು ಬರಹದಲ್ಲಿ ಸಿಕ್ಕಿದ ಮೇಲೆಯೇ ನಂಬಬೇಕು ಎಂದು ಊರೂರಲ್ಲಿ ಭಾಷಣ ಬಿಗಿದವಳು ನಾನೇ. ಆದರೂ ನಿಮ್ಮ ಬಾಯಿಮಾತನ್ನು ನಂಬಿದೆ. ಮೂಡುಬಿದಿರೆಯ ತರಬೇತಿಯಲ್ಲಿ ನೀವು ಎದ್ದು ನಿಂತು, "ನಿಮ್ಮ ಬಗ್ಗೆ ಸರಕಾರದ ಹತ್ತಿರ ಮಾಹಿತಿಯೇ ಇಲ್ಲಮ್ಮ. ನಿಜವಾದ ಮಾಹಿತಿ ಕೊಡಿ, ಉಳಿದದ್ದು ನಮಗೆ ಬಿಡಿ" ಎಂದಿರಿ. ಬಿಟ್ಟೆವು. ಮಾಣಿಯಿಂದ ಶಿರ್ತಾಡಿಯವರೆಗೆ ನಮ್ಮ ಸಂಘದ ಹೆಂಗಸರು ಬಿಸಿಲಲ್ಲಿ ನಡೆದು ನಿಮ್ಮ ನಮೂನೆಗಳನ್ನು ತುಂಬಿದರು. ನನ್ನ ಪಾಲಿಗೆ ಅರವತ್ತಮೂರು ಮನೆ.

ಬೀಡಿಯ ಒಳಗುಟ್ಟು ನಿಮಗೆ ತಿಳಿಯದ್ದಲ್ಲ. ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗಾಗಿ ಹೇಳುತ್ತೇನೆ. ಕೊಟ್ಟ ಎಲೆ, ತಂದ ಬೀಡಿಯ ಲೆಕ್ಕ ಬರೆಯುವ ಬ್ರಾಂಚಿನ ಪುಸ್ತಕ ಮನೆಗೆ ಒಂದು, ಅದರಲ್ಲಿ ಹೆಸರೂ ಒಂದು. ಕಟ್ಟುವ ಹೆಂಗಸರು ಇಬ್ಬರಿರಬಹುದು, ಮೂವರಿರಬಹುದು. ತಾಯಿಯ ಹೆಸರಲ್ಲಿ ಮಗಳು ಕಟ್ಟುತ್ತಾಳೆ, ಅತ್ತೆಯ ಹೆಸರಲ್ಲಿ ಸೊಸೆ ಕಟ್ಟುತ್ತಾಳೆ. ಬ್ರಾಂಚಿನವರಿಗೂ ಇದು ಚೆನ್ನಾಗಿ ಗೊತ್ತು. ಪಿಎಫ್, ಬೋನಸ್ ಒಬ್ಬಳಿಗೇ ಕೊಟ್ಟರೆ ಸಾಕಾಗುವುದರಿಂದ ಗೊತ್ತಿಲ್ಲದ ಹಾಗೆ ಇರುವುದರಲ್ಲಿ ಅವರಿಗೆ ಲಾಭ, ಬಾಯಿ ಮುಚ್ಚಿಕೊಂಡಿರುವುದರಲ್ಲಿ ನಮಗೆ ಅನ್ನ. ನಿಮ್ಮ ನಮೂನೆಯ ಒಂಬತ್ತನೇ ಪ್ರಶ್ನೆ ಕೈಯಿಟ್ಟದ್ದು ಸರಿಯಾಗಿ ಅಲ್ಲಿಗೇ: ಪುಸ್ತಕದಲ್ಲಿ ಹೆಸರಿಲ್ಲದೆ ಕೆಲಸ ಮಾಡುವವರು ಯಾರು?

ನನ್ನ ನೆರೆಮನೆಯ ಸಾಲಿಹಾಳ ಉಮ್ಮನಿಗೆ, ಅಂದರೆ ತಾಯಿಗೆ, ನಾಲ್ಕು ವರ್ಷದಿಂದ ಕಣ್ಣು ಕಾಣುವುದಿಲ್ಲ. ಪುಸ್ತಕ ಉಮ್ಮನ ಹೆಸರಲ್ಲಿದೆ. ಕಟ್ಟುವುದು ಸಾಲಿಹಾ ಮತ್ತು ಅವಳ ಅಣ್ಣನ ಹೆಂಡತಿ ಶಬ್ನಾ. ಒಂಬತ್ತನೇ ಪ್ರಶ್ನೆ ಓದಿದ ಕೂಡಲೇ ಶಬ್ನಾ ತಡೆದಳು. "ಬೇಡ ಕಾಂತಿಯಕ್ಕ. ಉಮ್ಮನೇ ಕಟ್ಟುವುದು ಅಂತ ಬರೆಯಿರಿ, ಸಾಕು."

ಸಾಲಿಹಾ ಒಪ್ಪಲಿಲ್ಲ. "ಹದಿನೈದು ವರ್ಷ ಕಟ್ಟಿದ್ದೇನೆ ಮಾರಾಯ್ತಿ. ಎಲ್ಲಿಯಾದ್ರೂ ಒಂದು ಕಡೆ ನನ್ನ ಹೆಸರು ಇರ್ಲಿ. ಕಾಂತಿಯಕ್ಕ ನಮಗೆ ಮೋಸ ಮಾಡ್ತಾರಾ?"

ಅವಳೇ ಅಕ್ಷರ ಅಕ್ಷರ ಹೇಳಿ ತನ್ನ ಹೆಸರು ಬರೆಸಿದಳು. ಕೆಳಗೆ ನಾನು ಸಹಿ ಹಾಕಿದೆ.

ಹನ್ನೊಂದು ದಿನದ ಮೇಲೆ ಸಾಲಿಹಾ ಕಟ್ಟಿದ ಬೀಡಿ ತೆಗೆದುಕೊಂಡು ಬ್ರಾಂಚಿಗೆ ಹೋದಳು. ಜೊತೆಗೆ ನಾನೂ ಇದ್ದೆ. ಅಲ್ಲಿನ ಶೇಖರಣ್ಣ ಬೀಡಿಯನ್ನು ತೆಗೆದಿರಿಸಿ, ಎಲೆ ತೂಗದೆ ಪುಸ್ತಕವನ್ನು ಬದಿಗೆ ಸರಿಸಿದ. "ಏನು ಸಾಲಿಹಾ, ಒಂದು ಪುಸ್ತಕಕ್ಕೆ ನಾಲ್ಕು ಕೈ ಉಂಟಂತೆ? ಪುಸ್ತಕದವರಿಗೆ ಕಣ್ಣು ಮಾತ್ರ ಇಲ್ವಂತೆ! ಪುಸ್ತಕ ಯಾರದ್ದೋ ಅವರೇ ಬಂದು ನನ್ನೆದುರು ಕಟ್ಟಿ ತೋರಿಸ್ಲಿ, ಆಮೇಲೆ ಎಲೆ ಕೊಡುವ."

"ನಿಮಗೆ ಯಾರು ಹೇಳಿದ್ದು?" ಎಂದು ನಾನು ಕೇಳಿದೆ.

"ನೀವೇ ಅಲ್ವಾ ಕಾಂತಿ ಬರೆದದ್ದು? ಅಕ್ಷರ ಚಂದ ಉಂಟು" ಎಂದು ಅವನು ಹಾಳೆಯೊಂದನ್ನು ಮುಂದೆ ಹಿಡಿದ. ಅದೇ ನಮೂನೆಯ ಜೆರಾಕ್ಸ್. ಕೆಳಗೆ ನನ್ನದೇ ಸಹಿ.

ಮಾನ್ಯರೇ, ಅದೇ ಸಂಜೆ ನಿಮ್ಮ ಕಚೇರಿಗೆ ಬಂದಾಗ ನೀವು ತಲೆ ಎತ್ತದೆ ಹೇಳಿದ ಉತ್ತರವೂ ನನಗೆ ಬಾಯಿಪಾಠವಾಗಿದೆ: "ಪರಿಶೀಲನೆಗೆ ಕಳಿಸಿದ್ದು. ಮೂಲ ದಾಖಲೆ ಬ್ರಾಂಚಿನವರ ಹತ್ತಿರ ತಾನೇ ಇರುವುದು?" ಆಹಾ! ಕಳ್ಳತನವಾಗಿದೆಯೇ ಎಂದು ಕಳ್ಳನನ್ನೇ ಕೇಳಿ ಬರೆದುಕೊಳ್ಳುವ ಪರಿಶೀಲನೆಯನ್ನು ನಿಮಗೆ ಕಲಿಸಿದವರು ಯಾರು? ಹೆಸರು ಹೊರಗೆ ಹೋಗುವುದಿಲ್ಲ ಎಂದು ನೀವು ಹೇಳಿದ್ದು ವೇದಿಕೆಯ ಮೇಲೆ, ಫ್ಯಾನಿನ ಕೆಳಗೆ. ಅದನ್ನೇ ನಾನು ಹೇಳಿದ್ದು ಅರವತ್ತಮೂರು ಹೊಸ್ತಿಲುಗಳಲ್ಲಿ, ಅವರ ಮನೆಯ ನೀರು ಕುಡಿದು. ನೀವು ವರ್ಗವಾಗಿ ಹೋಗಬಹುದು. ನಾನು ಎಲ್ಲಿಗೆ ಹೋಗಲಿ?

ಇನ್ನೂ ಒಂದು ತಮಾಷೆ ಕೇಳಿ. ಅಸಂಘಟಿತ ದುಡಿಮೆಯ ಬಗ್ಗೆ ಸಂಶೋಧನೆ ಮಾಡುವ ಗ್ರೀಷ್ಮಾ ಎಂಬ ವಿದ್ಯಾರ್ಥಿನಿ, ಈ ಮೂರು ತಾಲೂಕುಗಳಲ್ಲಿ ಪುಸ್ತಕವಿಲ್ಲದೆ ಬೀಡಿ ಕಟ್ಟುವವರು ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದಳು. ಅವಳು ಕೇಳಿದ್ದು ಯಾರ ಹೆಸರನ್ನೂ ಅಲ್ಲ, ಬರೀ ಸಂಖ್ಯೆ. ನಿಮ್ಮ ಮೊಹರಿನ ಉತ್ತರ ಬಂತು: "ಸದರಿ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಆ ಹುಡುಗಿ ನನ್ನ ಬಳಿ ಬಂದು, "ಹಾಗಾದರೆ ಮಾಹಿತಿ ಎಲ್ಲಿ ಸಿಗುತ್ತದೆ ಕಾಂತಿಯಕ್ಕ?" ಎಂದಳು. ಬ್ರಾಂಚಿಗೆ ಹೋಗು ಎಂದೆ. ಬೇರೆ ಏನು ಹೇಳಲಿ? ಕೇಳಿದ ವಿದ್ಯಾರ್ಥಿಗೆ ಇಲ್ಲದ ಮಾಹಿತಿ ಕೇಳದ ಮಾಲೀಕನಿಗೆ ಹನ್ನೊಂದೇ ದಿನದಲ್ಲಿ ಸಿಕ್ಕಿದೆ!

ಸಾಲಿಹಾಳ ಮನೆಗೆ ಎಲೆ ನಿಂತು ಐದು ವಾರವಾಯಿತು. ಮೊನ್ನೆ ಬೇಲಿಯ ಹತ್ತಿರ ಸಿಕ್ಕಿದಾಗ ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸುಳ್ಳು ಬರೆಸಿದ ಮನೆಗಳಿಗೆಲ್ಲ ಎಲೆ ಉಂಟು ಅಕ್ಕ" ಎಂದಷ್ಟೇ ಹೇಳಿ ಒಳಗೆ ಹೋದಳು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಸಾಲಿಹಾಳ ಮನೆಗೆ ಎಲೆ ಮತ್ತೆ ಸಿಗುವಂತೆ ಬರಹದಲ್ಲಿ ಆದೇಶ ಕೊಡಿಸಿ. ಅವಳಿಗೂ ಶಬ್ನಾಳಿಗೂ ಅವರವರ ಹೆಸರಿನ ಪುಸ್ತಕ ಮಾಡಿಸಿ. ಬ್ರಾಂಚಿಗೆ ಕೊಟ್ಟ ಪ್ರತಿಗಳನ್ನು ವಾಪಸು ತರಿಸಿ. ಇಷ್ಟು ಆಗುವುದಿಲ್ಲವಾದರೆ ನಾವು ತುಂಬಿದ ಅಷ್ಟೂ ನಮೂನೆಗಳನ್ನು ಹೊತ್ತು ತಂದು, ಯಾರು ಕೊಟ್ಟರೋ ಅವರ ಕೈಗೇ ಹಿಂದಿರುಗಿಸಿ. ಮುಂದೆ ಯಾವ ಸಮೀಕ್ಷೆಗೂ ಇಲ್ಲಿ ಬಾಗಿಲು ತೆರೆಯಬೇಕೋ ಬೇಡವೋ ಎಂಬುದನ್ನು ಹೆಂಗಸರು ಸಭೆಯಲ್ಲಿ ತೀರ್ಮಾನಿಸುತ್ತಾರೆ. ನಿಮಗೂ ಒಂದು ಕುರ್ಚಿ ಹಾಕಿರುತ್ತೇವೆ.

ಇಂತಿ,
ನಿಮ್ಮ ಮಾತಿಗೆ ನೆರೆಕರೆಯಲ್ಲಿ ಜಾಮೀನು ನಿಂತು ಮುಖ ಕಳೆದುಕೊಂಡ
ಕಾಂತಿ
ಪಾಣೆಮಂಗಳೂರು

ಸಭೆ: ಬರುವ ಆದಿತ್ಯವಾರ, ಬೆಳಿಗ್ಗೆ ಹತ್ತೂವರೆ ಗಂಟೆಗೆ, ಸಾಲಿಹಾಳ ಮನೆಯಂಗಳದಲ್ಲಿ.