ಮೋಟುಗಾಲಿನ ಎರಡನೇ ಕೆಲಸ

ನೊಣದ ಕೋಣೆ
ಭಾನುವಾರ, ಹದಿನಾಲ್ಕನೇ ತಾರೀಕು, ಬೆಳಗ್ಗೆ ಎಂಟೂವರೆ

ಪ್ರೀತಿಯ ಅತ್ತಿಗೆಗೆ, ಅದಕ್ಕೂ ಮೊದಲು ನನ್ನ ಗೆಳತಿಯಾಗಿದ್ದವಳಿಗೆ,

ಅಮ್ಮನ ಎದುರಿಗೆ ಮಾತ್ರ ನಿನ್ನನ್ನು ‘ನೀವು’ ಎನ್ನುತ್ತೇನೆ. ಇದು ಅಮ್ಮ ಓದುವ ಕಾಗದವಲ್ಲ, ಹಾಗಾಗಿ ಹಳೆಯ ಸಲಿಗೆಯಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀವಿಬ್ಬರೂ ಕ್ಷೇಮ ಎಂದು ಅಣ್ಣ ಫೋನಿನಲ್ಲಿ ಹೇಳಿದ. ನಾನೂ ಅಮ್ಮನೂ ಚೆನ್ನಾಗಿದ್ದೇವೆ ಎಂದು ಬರೆದರೆ ಅರ್ಧ ನಿಜ. ಅಮ್ಮ ಚೆನ್ನಾಗಿದ್ದಾಳೆ.

ಇದು ಮೂರನೇ ಹಾಳೆ. ಮೊದಲೆರಡನ್ನು ಹರಿದು ಬುಟ್ಟಿಗೆ ಹಾಕಿದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಇಡೀ ಮಹಡಿಯಲ್ಲಿ ನಾನೊಬ್ಬಳೇ, ಆದರೂ ಯಾರೋ ಬಂದರೇನೋ ಎಂದು ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದೆ. ಫೋನು ಮಾಡಬಹುದಿತ್ತು. ಮಾಡಿದರೆ ನೀನು “ಬಿಡೇ, ಆಗಿದ್ದಾಯ್ತು” ಅಂತೀಯ, ನಾನೂ ಸದ್ಯ ಬದುಕಿದೆ ಎಂದುಕೊಂಡು ಬಿಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ನಾಳೆ ಅಣ್ಣ ಕೆಲಸದ ಮೇಲೆ ಇತ್ತ ಬರುತ್ತಾನಲ್ಲ, ಅವನ ಕೈಯಲ್ಲಿ ಕಳಿಸುತ್ತೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ಎರಡು ವರ್ಷದ ಹಿಂದೆ ನೀನು ಕಂಡದ್ದು ಸರಿ. ತಪ್ಪಿದ್ದು ನನ್ನ ಪ್ರಯೋಗ.

ಬರೆದೆ. ಸ್ವಲ್ಪ ಇರು, ಕೋಶದಿಂದ ಹೊಸ ನೊಣಗಳು ಬರುವ ಹೊತ್ತು. ಗಂಡಿನ ಸಹವಾಸವಾಗುವ ಮೊದಲು ಹೆಣ್ಣುಗಳನ್ನು ಬೇರೆ ಮಾಡದಿದ್ದರೆ ವಾರದ ಕೆಲಸ ಹಾಳು. ನಿನಗೆ ಹೇಳಬೇಕೆ?

ಹನ್ನೊಂದು ಗಂಟೆ

ಮೂವತ್ತಾರು ಹೆಣ್ಣುಗಳು ಸಿಕ್ಕವು. ಕುಂಚದ ತುದಿಯಿಂದ ತಳ್ಳುವಾಗ ಎರಡು ಸತ್ತವು. ನನ್ನ ಕೈಯಲ್ಲಿ ಹಾಗೆ ಸಾಯುವುದಿಲ್ಲ, ಇವತ್ತು ಗಮನವೇ ಇಲ್ಲ.

ಇದನ್ನು ಅಣ್ಣನಿಗೂ ಓದಿ ಹೇಳು. ಹೆಂಡತಿಯ ಓದು ಯಾಕೆ ಅರ್ಧಕ್ಕೆ ನಿಂತಿತು ಎಂಬುದು ಅವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅವನಿಗಾಗಿ ಮೊದಲಿನಿಂದ ಬರೆಯುತ್ತೇನೆ. ನಮ್ಮ ಜೀನಿಗೆ ನಾವಿಟ್ಟ ಹೆಸರು ಮೋಟುಗಾಲು. ಜೀನು ಕೆಟ್ಟಾಗ ಯಾವುದು ಊನವಾಗುತ್ತದೋ ಅದನ್ನೇ ಹೆಸರಾಗಿ ಇಡುವ ವಿಚಿತ್ರ ಜನ ನಾವು. ಇದು ಕೆಟ್ಟರೆ ಹಣ್ಣಿನ ನೊಣಕ್ಕೆ ಮೊಣಕಾಲಿನಿಂದ ಕೆಳಗೆ ಕಾಲೇ ಬೆಳೆಯುವುದಿಲ್ಲ. ನಿನ್ನ ಮದುವೆಯಾದ ಹೊಸತರಲ್ಲಿ ಅಡುಗೆಮನೆಯಲ್ಲಿ ನಾವಿಬ್ಬರೂ ಮೋಟುಗಾಲು ಹೀಗೆ ಮಾಡಿತು, ಹಾಗೆ ಮಾಡಿತು ಎಂದು ಹರಟುತ್ತಿದ್ದಾಗ, ಪಕ್ಕದ ಮನೆಯ ಯಾರನ್ನೋ ಆಡಿಕೊಳ್ಳುತ್ತಿದ್ದೇವೆ ಎಂದು ಅಮ್ಮ ಇಬ್ಬರನ್ನೂ ಗದರಿದ್ದಳು. ನೀನು ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಓಡಿದ್ದೆ.

ಮರಿಹುಳುವಿನ ಮೈಯೊಳಗೆ ಕಾಲು ಮೊಳೆಯುವಾಗ ಮೊಣಕಾಲು ಎಲ್ಲಿ, ಪಾದ ಎಲ್ಲಿ ಎಂದು ಬೇರೆ ಜೀನುಗಳಿಗೆ ಅಪ್ಪಣೆ ಕೊಡುವುದು ಇದರ ಕೆಲಸ. ಕಾಲು ಬೆಳೆದ ಮೇಲೆ ಇದಕ್ಕೇನೂ ಕೆಲಸವಿಲ್ಲ ಎಂದು ಎಲ್ಲರೂ ನಂಬಿದ್ದರು. ನೀನೊಬ್ಬಳು ಒಪ್ಪಲಿಲ್ಲ. ಮನೆ ಕಟ್ಟಿದ ಮೇಸ್ತ್ರಿಯೇ ಆಮೇಲೆ ಕಾವಲಿಗೂ ನಿಂತಿದ್ದಾನೆ, ಬೆಳೆದ ನೊಣದ ಕಾಲಿನ ನರಗಳನ್ನು ಕೊನೆಯವರೆಗೂ ಕಾಯುವುದು ಇದೇ ಜೀನು ಅಂದೆ.

ಅದನ್ನು ಪರೀಕ್ಷಿಸಲು ನಮ್ಮಲ್ಲಿ ಒಂದು ತಳಿ ಇದೆ. ಹದಿನೆಂಟು ಡಿಗ್ರಿಯ ತಂಪಿನಲ್ಲಿ ಅದರ ಮೋಟುಗಾಲು ಸರಿಯಾಗಿ ಕೆಲಸ ಮಾಡುತ್ತದೆ, ಇಪ್ಪತ್ತೊಂಬತ್ತಕ್ಕೆ ಏರಿಸಿದರೆ ಕೈಕೊಡುತ್ತದೆ. ತಂಪಿನಲ್ಲಿ ಬೆಳೆಸಿ, ಆರು ಕಾಲೂ ನೆಟ್ಟಗಿರುವ ನೊಣ ಕೋಶದಿಂದ ಹೊರಬಂದ ಮೇಲೆ ಬಿಸಿಗೆ ಹಾಕಿ ಒಂಬತ್ತು ದಿನ ಕಾಯಬೇಕು. ಆಮೇಲೆ ಟ್ಯೂಬನ್ನು ಮೇಜಿಗೆ ತಟ್ಟಿ ನೊಣಗಳನ್ನು ತಳಕ್ಕೆ ಬೀಳಿಸಿ, ಹತ್ತು ಸೆಕೆಂಡಿನಲ್ಲಿ ಎಷ್ಟು ನೊಣಗಳು ಟ್ಯೂಬಿನ ಮೇಲೆ ಎಳೆದ ಗೆರೆ ದಾಟಿ ಹತ್ತಿದವು ಎಂದು ಎಣಿಸಬೇಕು. ಮಾಮೂಲಿ ನೊಣಗಳು ಆ ಬಿಸಿಯಲ್ಲೂ ಸರಸರನೆ ಹತ್ತುತ್ತವೆ. ನಿನ್ನ ನೂರರಲ್ಲಿ ಹತ್ತಿದ್ದು ಹದಿನೇಳು. ಮಿಕ್ಕವು ತಳದಲ್ಲೇ ಒದ್ದಾಡಿದವು.

ನಮ್ಮ ಪ್ರಯೋಗಾಲಯದ ಯಜಮಾನರು, ನಾವು ದೊಡ್ಡವರು ಎನ್ನುವವರು, ಅದನ್ನು ನಂಬಲಿಲ್ಲ. ಯಾವ ಟ್ಯೂಬು ಯಾವುದೆಂದು ಗೊತ್ತಿದ್ದೇ ನೀನು ಎಣಿಸಿದ್ದೀಯ ಎಂದರು. ಟ್ಯೂಬುಗಳ ಹೆಸರಿನ ಚೀಟಿ ಮುಚ್ಚಿಟ್ಟು ಮತ್ತೊಮ್ಮೆ ಮಾಡುವ ಕೆಲಸ ನನಗೆ ಬಂತು. ನನ್ನ ನೂರರಲ್ಲಿ ತೊಂಬತ್ತೆರಡು ಹತ್ತಿದವು. ನಿನ್ನ ಓದು ಮುಂದುವರಿಯಬೇಕೇ ಎಂದು ತೀರ್ಮಾನಿಸುವ ಸಮಿತಿ ಕೂತಿತು. “ಮನಸ್ಸಲ್ಲಿ ಆಸೆ ಇಟ್ಕೊಂಡು ಎಣಿಸಿದ್ರೆ ಲೆಕ್ಕ ಹೀಗೇ ಬರೋದು” ಎಂದು ದೊಡ್ಡವರು ಎಲ್ಲರ ಎದುರು ಹೇಳಿದರು. ನೀನು ಎದ್ದು ಹೋದೆ. ಅಣ್ಣ ಕೆಲಸಕ್ಕಿರುವ ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದೆ. ಇಲ್ಲಿದ್ದ ಒಂದೇ ಒಂದು ಹುದ್ದೆ ನನಗಾಯಿತು.

ಎರಡೂಕಾಲು

ಊಟಕ್ಕೆ ಮನೆಗೆ ಹೋಗಿ ಬಂದೆ. ತಟ್ಟೆಯ ಮುಂದೆ ಕೂತದ್ದಷ್ಟೇ. ಬೆಕ್ಕಿನ ಹಾಗೆ ಯಾಕೆ ಒಳಗೂ ಹೊರಗೂ ಓಡಾಡ್ತೀಯ ಎಂದು ಅಮ್ಮ ಕೇಳಿದಳು, ಕೆಲಸ ಇದೆ ಅಂದೆ.

ತಪ್ಪು ಎಲ್ಲಿತ್ತು ಎಂದು ಹೇಳುತ್ತೇನೆ. ನನ್ನ ಅಚ್ಚುಕಟ್ಟನ್ನು ನೀನು ಎಷ್ಟು ಗೇಲಿ ಮಾಡಿದ್ದೀಯೋ. ಆ ಬಿಸಿಯಲ್ಲಿ ಟ್ಯೂಬಿನ ತಳದಲ್ಲಿ ನೊಣಗಳಿಗೆ ತಿನ್ನಲಿಟ್ಟ ಹಿಟ್ಟಿನ ಗಂಜಿ ಒಣಗಿ ಬಿರುಕು ಬಿಡುತ್ತದೆ, ನೊಣಗಳು ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾಗಬಾರದೆಂದು ನಾನು ಟ್ಯೂಬುಗಳಿಗೆ ಒದ್ದೆ ಬಟ್ಟೆ ಸುತ್ತಿ ನೀರಿನ ತಟ್ಟೆಯಲ್ಲಿ ನಿಲ್ಲಿಸಿದ್ದೆ. ನೀನು ಬರೀ ಟ್ಯೂಬುಗಳನ್ನೇ ಇಟ್ಟಿದ್ದೆ. ಕಳೆದ ತಿಂಗಳು ತಟ್ಟೆ ಸೀಳು ಬಿಟ್ಟಿತು, ಬೇರೆ ತಟ್ಟೆ ಸಿಗಲಿಲ್ಲ, ಟ್ಯೂಬುಗಳಿಗೆ ಬಟ್ಟೆಯನ್ನೂ ಸುತ್ತದೆ ಹಾಗೇ ಇಟ್ಟೆ. ಒಂಬತ್ತನೇ ದಿನ ತಟ್ಟಿ ನೋಡಿದರೆ ನೂರರಲ್ಲಿ ಹತ್ತಿದ್ದು ಹತ್ತೊಂಬತ್ತು. ಒಂದು ಟ್ಯೂಬಿಗೆ ಮತ್ತೆ ಒದ್ದೆ ಬಟ್ಟೆ ಸುತ್ತಿ ಒಳಗೆ ಥರ್ಮಾಮೀಟರ್ ಇಳಿಸಿದೆ. ಒದ್ದೆ ಬಟ್ಟೆ ಸುತ್ತಿದ ಟ್ಯೂಬು ಮಣ್ಣಿನ ಹೂಜಿಯ ಹಾಗೆ ತಣ್ಣಗಾಗುತ್ತಿತ್ತು. ಇನ್‌ಕ್ಯುಬೇಟರಿನ ಬಾಗಿಲ ಮೇಲೆ ಇಪ್ಪತ್ತೊಂಬತ್ತು, ಟ್ಯೂಬಿನೊಳಗೆ ಇಪ್ಪತ್ತೈದು. ಇಪ್ಪತ್ತೈದರಲ್ಲಿ ಮೋಟುಗಾಲು ಆರಾಮವಾಗಿ ಕೆಲಸ ಮಾಡಿಕೊಂಡಿರುತ್ತದೆ. ನನ್ನ ನೊಣಗಳು ಹತ್ತದೇ ಇನ್ನೇನು ಮಾಡುತ್ತವೆ?

ಇನ್ನೂ ಎರಡು ಸಲ ಮಾಡಿದೆ, ಚೀಟಿ ಮುಚ್ಚಿಟ್ಟೇ. ಇಪ್ಪತ್ತೆರಡು, ಹದಿನಾರು. ಇನ್ನು ಅನುಮಾನವಿಲ್ಲ.

ನಾಳೆ ಹತ್ತು ಗಂಟೆಗೆ ದೊಡ್ಡವರ ಕೋಣೆಯಲ್ಲಿ ಎಲ್ಲರೂ ಸೇರುತ್ತೇವೆ. ಮೋಟುಗಾಲಿನ ಬಗ್ಗೆ ಎಂಟು ವರ್ಷದ ಕೆಲಸವೆಲ್ಲ ಒಂದೇ ಲೇಖನವಾಗಿ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಒಂದು ಸಾಲಿದೆ: ಬೆಳೆದ ನೊಣದಲ್ಲಿ ಈ ಜೀನಿಗೆ ಯಾವ ಕೆಲಸವೂ ಇಲ್ಲ. ಆ ಸಾಲಿಗೆ ಆಧಾರ ನನ್ನ ತೊಂಬತ್ತೆರಡು ನೊಣಗಳು. ಅದು ಅಚ್ಚಾದರೆ ನಿನ್ನ ಹದಿನೇಳನ್ನು ಇನ್ನು ಯಾರೂ ತಿರುಗಿ ನೋಡುವುದಿಲ್ಲ. ನನ್ನ ಕೆಲಸ ಕಾಯಂ ಆಗುವುದೂ ಇದೇ ತಿಂಗಳು. ನಾಳೆ ಬಾಯಿಬಿಟ್ಟರೆ ಅದು ಆಗಲಿಕ್ಕಿಲ್ಲ.

ಆದರೂ ಹೇಳುತ್ತೇನೆ. ಯಾಕೆ ಗೊತ್ತಾ? ಎರಡು ತಿಂಗಳ ಹಿಂದೆ ಅಣ್ಣ ಫೋನಿನಲ್ಲಿ ಮಾತಿನ ಮಧ್ಯೆ ಅಂದ, ನೀನು ಒಂದೊಂದು ಸ್ಲೈಡನ್ನೂ ಮೂರು ಮೂರು ಸಲ ಎಣಿಸುತ್ತೀಯಂತೆ. ಆಮೇಲೂ ಪಕ್ಕದವಳನ್ನು ಕರೆದು ತೋರಿಸುತ್ತೀಯಂತೆ. ದಿನಾ ಕೊನೆಗೆ ಮನೆಗೆ ಬರುವವಳು ನೀನೇ ಅಂತೆ, ನಿಧಾನ ಎಂದು ಮೇಲಿನವರು ಬೈಯುತ್ತಾರಂತೆ. “ನನ್ನ ಕಣ್ಣನ್ನ ನಾನೇ ನಂಬಲ್ಲ ಅಂತಾಳೆ ಕಣೇ, ಯಾಕೋ” ಎಂದ ಅಣ್ಣ. ಅವನಿಗೆ ಅದು ಬರೀ ಬೇಸರದ ಮಾತು. ನನಗೆ ಹಾಗಲ್ಲ. ನಮ್ಮ ಕೋಣೆಯಲ್ಲಿ ಎಲ್ಲರಿಗಿಂತ ಚುರುಕು ಕಣ್ಣು ನಿನ್ನದು. ನೊಣ ಕೋಶದ ಸಿಪ್ಪೆಯೊಳಗಿರುವಾಗಲೇ ಗಂಡೋ ಹೆಣ್ಣೋ ಹೇಳುತ್ತಿದ್ದವಳು ನೀನು. ನಿನ್ನ ಓದು ಹೋಯಿತು, ಕೆಲಸ ಹೋಯಿತು, ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಕಣ್ಣೂ ಹೋಯಿತು ಎಂಬುದನ್ನು ನುಂಗಲಾಗಲಿಲ್ಲ.

ದೊಡ್ಡವರಿಗೆ ಕೊಡಬೇಕಾದ ಕಾಗದ ಬರೆದಿಟ್ಟಿದ್ದೇನೆ. ನಿನ್ನ ಹಳೆಯ ನೋಟುಪುಸ್ತಕ ಇಲ್ಲೇ ಕಪಾಟಿನಲ್ಲಿದೆ, ಅದನ್ನೂ ಜೊತೆಗಿಡುತ್ತೇನೆ. ಎರಡನೇ ಕೆಲಸ ಕಂಡುಹಿಡಿದದ್ದು ನೀನು, ಆ ಭಾಗಕ್ಕೆ ನಿನ್ನ ಹೆಸರೇ ಬರಬೇಕು ಎಂದು ಬರೆದಿದ್ದೇನೆ. ಅವರು ಕರೆದರೆ ಬಾ. ಬರಲು ಮನಸ್ಸಿಲ್ಲದಿದ್ದರೆ ಬೇಡ, ಬೈದಾದರೂ ಎರಡು ಸಾಲು ಬರೆ.

ಗೊತ್ತಾಗದೆ ಆದ ತಪ್ಪು, ಕ್ಷಮಿಸು. ಅಣ್ಣನಿಗೆ ನನ್ನ ನೆನಪು ಹೇಳು. ನಿನ್ನ ಆರೋಗ್ಯ ನೋಡಿಕೋ.

ಯಾವತ್ತಿಗೂ ನಿನ್ನವಳಾದ
ನಾದಿನಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಈಗ ಐದು ಗಂಟೆ. ತಟ್ಟೆ ಸೀಳು ಬಿಟ್ಟಿದ್ದು ಸುಳ್ಳು. ಅಣ್ಣನ ಫೋನು ಬಂದ ಮೇಲೆ ನಾನೇ ಅದನ್ನು ಎತ್ತಿಟ್ಟೆ, ಎತ್ತಿಟ್ಟರೆ ಏನಾಗುತ್ತದೆಂದು ಗೊತ್ತಿದ್ದೇ ಎತ್ತಿಟ್ಟೆ. ಥರ್ಮಾಮೀಟರ್ ಇಳಿಸಿ ನೋಡಿದ್ದು ಕಳೆದ ತಿಂಗಳಲ್ಲ, ಎರಡು ವರ್ಷದ ಹಿಂದೆ, ಸಮಿತಿ ಕೂರುವ ದಿನದ ಹಿಂದಿನ ಸಂಜೆ. ಒಂದೇ ಹುದ್ದೆ ಇತ್ತು, ನನಗೆ ಅದು ಬೇಕಿತ್ತು. ಇನ್ನೇನೂ ಕಾರಣವಿಲ್ಲ. ದೊಡ್ಡವರ ಕಾಗದದಲ್ಲೂ ಇದನ್ನು ಈಗಷ್ಟೇ ಸೇರಿಸಿದೆ. ಮರುದಿನ ಸಮಿತಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ನಿನ್ನ ಪಕ್ಕ ಕೂತಿದ್ದಾಗ, ಇಪ್ಪತ್ತೈದು ಎಂದು ಬರೆದ ಚೀಟಿ ನನ್ನ ಕೋಟಿನ ಜೇಬಿನಲ್ಲಿತ್ತು. ಒಳಗಿನಿಂದ ಕರೆ ಬಂದಾಗ ನೀನು ನನ್ನ ಕೈ ಹಿಡಿದು, “ನೀನಾದ್ರೂ ನನ್ ಜೊತೆ ಇದ್ದೀಯಲ್ಲ, ಅಷ್ಟು ಸಾಕು” ಅಂದೆ. ನಾನು “ಇದ್ದೀನಿ ಕಣೇ” ಅಂದೆ.