ಅಜ್ಜಿ ಒಗೆದ ಜೆರ್ಸಿ

ಗಂಗಾ,

ಅನ್ನ ಕುಕ್ಕರಿನಲ್ಲಿದೆ, ಸಾರು ಬಿಸಿ ಮಾಡಿಕೊ. ಮೊದಲು ಊಟ ಮಾಡು, ಆಮೇಲೆ ಹಿತ್ತಲಿನ ತಂತಿ ಕಡೆ ನೋಡು.

ನೋಡಿದೆಯಾ? ಆರೈಕೆ ಮನೆಯ ಸಹಾಯಕ್ಕೆ ನಡೆಯುವ ಇವತ್ತಿನ ಹರಾಜಿಗೆಂದು ನೀನು ಎತ್ತಿಟ್ಟಿದ್ದ ಕಬಡ್ಡಿ ಜೆರ್ಸಿಯನ್ನು ಅಜ್ಜಿ ಕಲ್ಲಿಗೆ ಹಾಕಿ ಒಗೆದುಬಿಟ್ಟಿದ್ದಾರೆ. ಫೈನಲ್ಲಿನ ಮಣ್ಣೂ ಹೋಯಿತು, ನಿಮ್ಮ ತಂಡದವರ ಸಹಿಗಳೂ ಹೋದವು. ಕೇಳಿದರೆ, "ದಾನ ಕೊಡೋ ಬಟ್ಟೆ ಕೊಳಕಿರಬಾರ್ದು ಕಣವ್ವಾ, ಅದೂ ನಿಮ್ಮ ಮಾವನ್ನ ನೋಡ್ಕೊಂಡೋರಿಗೆ" ಅಂದರು. ಕೊನೆಯ ದಿನಗಳಲ್ಲಿ ಅಜ್ಜನಿಗೆ ನೋವು ಗೊತ್ತಾಗದಂತೆ ನೋಡಿಕೊಂಡ ಆರೈಕೆ ಮನೆಗೆ ಅವರು ತಮ್ಮ ಕೈಲಾದದ್ದನ್ನು ಕೊಟ್ಟಿದ್ದಾರೆ. ಒಂದು ಮಾತೂ ಆಡಬೇಡ.

ನಿಮ್ಮ ಕ್ಯಾಪ್ಟನ್ ಸುನಿತಾಗೆ ಫೋನ್ ಮಾಡಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ, "ಸೊರಬದಿಂದ ಮಧ್ಯಾಹ್ನದ ಬಸ್ಸಿಗೆ ಎಲ್ರೂ ಬರ್ತೀವಿ, ಮತ್ತೆ ಸಹಿ ಹಾಕ್ತೀವಿ ಬಿಡ್ರಿ ಆಂಟಿ" ಅಂದಳು. ಡಬ್ಬಿಯಲ್ಲಿ ಮಂಡಕ್ಕಿ ಇದೆ, ಒಗ್ಗರಣೆ ಹಾಕಿ ಕೊಡು. ಮಾರ್ಕರ್ ಟೀವಿ ಪಕ್ಕದಲ್ಲಿದೆ. ನೀರಿಗೆ ಹೋಗದ್ದೇ ಬೇಕೆಂದು ಅಂಗಡಿಯವನಿಗೆ ಎರಡು ಸಲ ಹೇಳಿ ತಂದಿದ್ದೇನೆ.

ಮಣ್ಣು ಬೇಕೆಂದು ಜೆರ್ಸಿಯನ್ನು ಅಂಗಳದಲ್ಲಿ ಹೊರಳಾಡಿಸಬೇಡಿ. ಅದು ಸುಳ್ಳಾಗುತ್ತದೆ.

ನಾನು ಹರಾಜಿನ ಜಾಗದಲ್ಲಿ ಕುರ್ಚಿ ಹಾಕಿಸಲು ಶಿಕಾರಿಪುರಕ್ಕೆ ಮುಂಚೆಯೇ ಹೊರಟೆ. ಬರುವಾಗ ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಬಾ. ಅವರೂ ಸಹಿ ಹಾಕಲೇಬೇಕೆಂದು ಸುನಿತಾಳ ಹಟ: "ಒಗೆದೋರೂ ನಮ್ಮ ಟೀಮೇ!" ಅಜ್ಜಿ ಆಗಿನಿಂದ ಹಳೇ ಕ್ಯಾಲೆಂಡರಿನ ಹಿಂದೆ ಹೆಸರು ಬರೆದು ಬರೆದು ನೋಡುತ್ತಿದ್ದಾರೆ. ಮಹಾದೇವಮ್ಮ ಅನ್ನುವುದು ಅವರ ಕೈಯಲ್ಲಿ ಬಹಳ ಉದ್ದ ಬರುತ್ತದೆ. ನೀವೆಲ್ಲ ಒತ್ತೊತ್ತಾಗಿ ಸಹಿ ಹಾಕಿ, ಎದೆಯ ಮೇಲೆ ಅವರಿಗೆ ಒಂದು ಸಾಲು ಪೂರ್ತಿ ಬಿಡಿ.

ಅಮ್ಮ